ಸೂರತ್ತಿನ ಛತ್ರ

ಕಟ್ಟಿದ ಕೆಲಸಕ್ಕೇ ಕೊನೆಯವರೆಗೂ ಒದಗುವ ಭಾಗ್ಯ ಎಲ್ಲ ಕಟ್ಟಡಗಳಿಗೂ ಇರುವುದಿಲ್ಲ. ಅಹಮದಾಬಾದಿನ ಖಮಾಸಾದಲ್ಲಿ ಯೆಹೂದ್ಯರು 1934ರಲ್ಲಿ ಕಟ್ಟಿದ ಮಾಗೇನ್ ಅಬ್ರಹಾಂ ಮಂದಿರಕ್ಕೆ ಅದುಂಟು. ಅನೇಕರು ಇಸ್ರೇಲಿಗೆ ಹೊರಟುಹೋಗಿ ಸಮಾಜ ಬಹಳ ಚಿಕ್ಕದಾಗಿದ್ದರೂ ಅಲ್ಲಿ ಪ್ರಾರ್ಥನೆ ನಿಂತಿಲ್ಲ. ಅದೇ ಗುಜರಾತಿನ ಸೂರತ್ತಿನಲ್ಲಿರುವ ಇನ್ನೊಂದು ಕಟ್ಟಡದ ಕಥೆ ಬೇರೆ. ಅದನ್ನು ನಮ್ಮಂಥವರು ಕಿವಿಗೊಟ್ಟು ಕೇಳಬೇಕು.

ಅದರ ಹೆಸರು ಮೊಗಲ್ ಸರಾಯ್. (ಕುಡಿಯುವ ಸರಾಯಿಯಲ್ಲ, ತಂಗುವ ಛತ್ರ!) ಷಹಜಹಾನನ ಆಳ್ವಿಕೆಯಲ್ಲಿ, 1644ರಲ್ಲಿ, ಹಕೀಕತ್ ಖಾನನೆಂಬವನು ಕಟ್ಟಿಸಿದ್ದು. ಆಗ ಮೆಕ್ಕಾ ಯಾತ್ರಿಕರಿಗೆ ಸೂರತ್ತೇ ಬಾಗಿಲು. ಹಡಗು ಗಾಳಿಗೆ ಕಾಯಬೇಕು, ಗಾಳಿ ಋತುವಿಗೆ ಕಾಯಬೇಕು. ಅಲ್ಲಿಯವರೆಗೆ ಮನುಷ್ಯ ಎಲ್ಲಿ ಮಲಗಬೇಕು? ಅದಕ್ಕೆಂದೇ ಅಂಗಳದ ಸುತ್ತ ಕೋಣೆಗಳು. ಮುಂದೆ ಅವೇ ಕೋಣೆಗಳು ಸೆರೆಮನೆಯಾದವು. ಬದಲಾವಣೆಗೆ ಹೆಚ್ಚು ಶ್ರಮ ಬೇಕಾಗಿರಲಿಕ್ಕಿಲ್ಲ, ಒಳಗಿದ್ದ ಅಗುಳಿ ಹೊರಗೆ ಬಂದಿರಬೇಕು ಅಷ್ಟೆ. 1867ರಲ್ಲಿ ಪುರಸಭೆಯ ಕಚೇರಿ ಅಲ್ಲಿಗೆ ಬಂತು.

2021ರಲ್ಲಿ ವಕ್ಫ್ ಮಂಡಳಿ ಕಟ್ಟಡವನ್ನು ವಕ್ಫ್ ಆಸ್ತಿಯೆಂದು ಸಾರಿತು; 2024ರಲ್ಲಿ ನ್ಯಾಯಮಂಡಳಿ ಆ ಆಜ್ಞೆಯನ್ನು ರದ್ದುಮಾಡಿತು. ಒಡೆತನದ ಮಾತು ನ್ಯಾಯಾಲಯಕ್ಕಿರಲಿ. ನಾವು ಕೇಳುವುದು ಬೇರೆ: ಆ ಕಟ್ಟಡ ಮಾಡುತ್ತಿದ್ದ ಕೆಲಸ ಎಲ್ಲಿಗೆ ಹೋಯಿತು?

ಏಕೆಂದರೆ ಸೂರತ್ತಿಗೆ ಪರಸ್ಥಳದವರು ಬರುವುದು ನಿಂತಿಲ್ಲ. ಒಡಿಶಾದ ಗಂಜಾಂ ಜಿಲ್ಲೆಯಿಂದ ವಿದ್ಯುತ್ ಮಗ್ಗಗಳ ಕೆಲಸಕ್ಕೆ ಜನ ಬರುತ್ತಲೇ ಇದ್ದಾರೆ. ‘ಮೆಸ್’ ಎಂಬ ಕೋಣೆಗಳಲ್ಲಿ, ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದವನು ಪಾಳಿಗೆ ಹೊರಟವನು ಬಿಟ್ಟ ಜಾಗದಲ್ಲೇ ಮಲಗುತ್ತಾನೆ. ಚಾಪೆ ಆರುವುದೇ ಇಲ್ಲ. ಹೋಟೆಲಿನ ಮೇಜು ಜೋಡಿಸಿ ಮಲಗಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2020ರ ಲಾಕ್‌ಡೌನಿನಲ್ಲಿ, ನಮ್ಮನ್ನು ಊರಿಗೆ ಕಳಿಸಿರೆಂದು ಇವರು ಬೀದಿಗಿಳಿದಾಗಲೇ ದೇಶ ಇವರ ಮುಖ ನೋಡಿದ್ದು.

ಸೂರತ್ತಿನ ಪಾಲಿಕೆ ಕೈಲಾಗದ ಸಂಸ್ಥೆಯಲ್ಲ. 1994ರ ಪ್ಲೇಗಿನ ನಂತರ ಊರನ್ನು ತೊಳೆದು ದೇಶವೇ ಮೆಚ್ಚುವಂತೆ ಮಾಡಿತು. ಕಸದ ವಿಷಯದಲ್ಲಿ ತೋರಿದ ಆ ಚುರುಕನ್ನು ಕೂಲಿಯವನ ನಿದ್ರೆಯ ವಿಷಯದಲ್ಲಿಯೂ ತೋರಲಿ. ಹಳೆಯ ಕಟ್ಟಡದ ಕಡತಗಳನ್ನು ಬೀದಿಗೆ ಹಾಕಿರೆಂದು ನಾವು ಹೇಳುವುದಿಲ್ಲ. ಮಗ್ಗಗಳ ಬಳಿಯೇ, ಕೂಲಿಗೆ ಕೈಗೆಟುಕುವ ಬಾಡಿಗೆಗೆ, ಪಾಲಿಕೆಯದೇ ವಸತಿಗೃಹಗಳಾಗಲಿ: ಒಬ್ಬನಿಗೆ ಒಂದು ಮಂಚ, ಸಾಕಷ್ಟು ನೀರು, ಬೀಗವಿರುವ ಒಂದು ಪೆಟ್ಟಿಗೆ.

ಮುಂಬಯಿ ಪಾಲಿಕೆಯನ್ನೂ ನಮ್ಮ ಸಂಘ ಇದನ್ನೇ ಕೇಳಲಿದೆ. ಅರ್ಜಿಗೆ ಲೆಕ್ಕ ಬೇಕು. ಸದಸ್ಯರು ತಾವು ಮಲಗುವ ಜಾಗ, ಅಲ್ಲಿರುವ ಜನ, ಕೊಡುವ ಬಾಡಿಗೆ, ಇವನ್ನು ಬರೆದು ಬರುವ ಭಾನುವಾರದೊಳಗೆ ಸಂಘದ ಕಚೇರಿಗೆ ಮುಟ್ಟಿಸಬೇಕು.