ಒಂದು ಸ್ಕಾಲರ್‌ಶಿಪ್ ಕ್ಯಾಮೆರಾ ಹಿಡಿಯುವ ಮಕ್ಕಳಿಗೂ ಇರಲಿ

ಪ್ಲಸ್ ಟು ಫಲಿತಾಂಶ ಬಂದ ಮೇಲೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಸನ್ಮಾನ ಸಭೆಗಳು ಶುರುವಾಗುತ್ತವೆ. ಜಮಾಅತ್‌ಗಳು, ಗಲ್ಫ್‌ನಲ್ಲಿರುವ ನಮ್ಮವರ ಸಂಘಟನೆಗಳು ಸ್ಕಾಲರ್‌ಶಿಪ್ ಕೊಡುತ್ತವೆ. ಇದರಿಂದ ಎಷ್ಟೋ ಬಡ ಮನೆಗಳ ಮಕ್ಕಳು ಡಾಕ್ಟರ್, ಇಂಜಿನಿಯರ್ ಆಗಿದ್ದಾರೆ. ಆದರೆ ನಾನು ನೋಡಿದ ಅರ್ಜಿ ನಮೂನೆಗಳಲ್ಲಿ ಫೋಟೋ ಜರ್ನಲಿಸಂ ಕಲಿಯುವವರಿಗೆ ಇರುವುದು ‘ಇತರೆ’ ಎಂಬ ಕೊನೆಯ ಕಾಲಂ ಮಾತ್ರ.

“ಫೋಟೋ ತೆಗೆಯಲು ಕಲಿಯುವುದೇನಿದೆ?” ಎನ್ನುವವರು ಎಂಡೋಸಲ್ಫಾನ್ ದುರಂತವನ್ನು ನೆನಪಿಸಿಕೊಳ್ಳಬೇಕು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರ್‌ನಿಂದ ಆ ವಿಷ ಸುರಿಯಿತು. ಪಡ್ರೆಯ ಡಾ. ವೈ.ಎಸ್. ಮೋಹನ ಕುಮಾರ್ ಜನರ ಕಾಯಿಲೆಗಳನ್ನು ಗಮನಿಸಿ ಎಚ್ಚರಿಸಿದರು, ಶ್ರೀಪಡ್ರೆ ಬರೆದರು. ಮಾತೃಭೂಮಿಯ ಛಾಯಾಗ್ರಾಹಕ ಮಧುರಾಜ್ ತೆಗೆದ ಚಿತ್ರಗಳು ನಮ್ಮ ಮಕ್ಕಳ ನೋವನ್ನು ಕೇರಳದ ಮನೆಮನೆಗೆ ತಲುಪಿಸಿದವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಷೇಧಿಸಿತು. ವೈದ್ಯರ ದಾಖಲೆ, ವರದಿ, ಹೋರಾಟ ಎಲ್ಲವೂ ಬೇಕಾಯಿತು. ಚಿತ್ರವೂ ಬೇಕಾಯಿತು.

ಇಂದು ಉಪ್ಪಳದ ಮುಸೋಡಿಯಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಭಯ. ಅಲ್ಲಿನ ಉಮ್ಮನ ಸಂಕಟವನ್ನು ಬ್ಯಾರಿ ಬಾಸೆಯಲ್ಲೇ ಕೇಳಿ, ಅಡುಗೆಮನೆವರೆಗೂ ಹೋಗಿ ಚಿತ್ರ ತೆಗೆಯಲು ನಮ್ಮದೇ ಹೆಣ್ಣುಮಗಳೊಬ್ಬಳಿಗೆ ಸುಲಭ.

“ಇದರಿಂದ ಹೊಟ್ಟೆ ತುಂಬುತ್ತದಾ?” ಎಂಬ ಪ್ರಶ್ನೆ ನ್ಯಾಯವಾದದ್ದೇ. ಪತ್ರಿಕೆಗಳಲ್ಲಿ ಹುದ್ದೆಗಳು ಕಡಿಮೆ. ಮದುವೆ ಫೋಟೋ ತೆಗೆದು ಸಂಸಾರ ನಡೆಸುವವರು ನಮ್ಮಲ್ಲಿದ್ದಾರೆ. ಆದರೆ ಕ್ಯಾಮೆರಾದ ಸಾಲ ತಲೆಯ ಮೇಲಿದ್ದರೆ ಮದುವೆಗಳನ್ನು ಬಿಟ್ಟು ಊರಿನ ಸಂಕಟದ ಹಿಂದೆ ಹೋಗಲಾಗುವುದಿಲ್ಲ. ಸ್ಕಾಲರ್‌ಶಿಪ್ ಬೇಕಾಗಿರುವುದು ಅದಕ್ಕೇ.

1988ರಲ್ಲಿ ಸ್ಕಾಟ್ಲೆಂಡಿನ ಲಾಕರ್‌ಬಿಯ ಮೇಲೆ ವಿಮಾನವೊಂದು ಬಾಂಬಿಗೆ ಸಿಡಿದಾಗ ಅಮೆರಿಕದ ಫೋಟೋ ಜರ್ನಲಿಸಂ ವಿದ್ಯಾರ್ಥಿನಿ ಅಲೆಕ್ಸಿಯಾ ತೀರಿಕೊಂಡಳು. ಹೆತ್ತವರು ಅವಳ ಹೆಸರಲ್ಲಿ ಪ್ರತಿಷ್ಠಾನ ಕಟ್ಟಿ ಇಂಥ ವಿದ್ಯಾರ್ಥಿಗಳಿಗೆ ನೆರವು ಕೊಡತೊಡಗಿದರು. ಅಗಲಿದವರ ಹೆಸರಲ್ಲಿ ಬಾವಿ ತೋಡಿಸುವ ನಮಗೆ ಇದು ಹೊಸ ವಿಷಯವಲ್ಲ.

ಕೊಚ್ಚಿಯ ಕಾಕ್ಕನಾಡಿನಲ್ಲಿರುವ ಕೇರಳ ಮೀಡಿಯಾ ಅಕಾಡೆಮಿ ಫೋಟೋ ಜರ್ನಲಿಸಂ ಕೋರ್ಸ್ ನಡೆಸುತ್ತದೆ. ಅಲ್ಲಿಗೆ ಹೋಗುವವರಿಗೆ ಶುಲ್ಕದ ಜೊತೆ ಕೋಣೆ ಬಾಡಿಗೆಯನ್ನೂ ಕೊಡೋಣ. ಕ್ಯಾಮೆರಾ, ಲೆನ್ಸ್ ಸಂಘದ ಹೆಸರಲ್ಲೇ ಇರಲಿ. ಒಬ್ಬರ ಕಲಿಕೆ ಮುಗಿದ ಮೇಲೆ ಮುಂದಿನವರ ಕೈಗೆ ಹೋಗಲಿ. ಆಯ್ಕೆಗೆ ಎ ಪ್ಲಸ್ ಎಣಿಸುವುದು ಬೇಡ. ಹತ್ತು ಚಿತ್ರ ಮತ್ತು ಯಾವ ವಿಷಯದ ಮೇಲೆ ಕೆಲಸ ಮಾಡಬೇಕೆಂದಿದೆ ಎಂಬ ಒಂದು ಪುಟ ಬರಹ ಕೇಳೋಣ. ಅನುಭವಿ ಪತ್ರಿಕಾ ಛಾಯಾಗ್ರಾಹಕರೊಬ್ಬರು ಅವನ್ನು ನೋಡಲಿ.

ಡಾಕ್ಟರ್, ಇಂಜಿನಿಯರ್ ಓದುವವರ ಪಾಲನ್ನು ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಮುಂದಿನ ವರ್ಷದ ಪಟ್ಟಿಗೆ ಒಂದೇ ಒಂದು ಹೆಸರು ಹೆಚ್ಚುವರಿಯಾಗಿ ಸೇರಲಿ. ನಿಮ್ಮ ಸಂಘದ ಸಭೆಯಲ್ಲಿ ಈ ಮಾತನ್ನು ದಯವಿಟ್ಟು ಎತ್ತಿ.