ಸೊಪ್ಪು ನಮ್ಮದು, ಬಣ್ಣ ಯಾರದು?



ಪೇಟೆಯಲ್ಲಿ ಈಗ ಸೊಪ್ಪಿನ ಬಣ್ಣದ ಬಟ್ಟೆಗೆ ಬೇರೆಯೇ ರೇಟು. ನಾಳೆ ಕಡೂರಿಗೋ ಅಜ್ಜಂಪುರಕ್ಕೋ ಒಬ್ಬ ಕಾರಿನಲ್ಲಿ ಬಂದು, 'ನೀಲಿ ಗಿಡ ಹಾಕಿ, ಬೀಜ ಕೊಡ್ತೀವಿ, ಮುಂಗಡವೂ ಕೊಡ್ತೀವಿ' ಅಂದರೆ ತಲೆಯಾಡಿಸಬೇಡಿ. ಮೊದಲು ಚಂಪಾರಣ್ಯದ ಕಥೆ ಕೇಳಿ.

ಬಿಹಾರದ ಆ ಜಿಲ್ಲೆಯಲ್ಲಿ ಗೇಣಿ ರೈತ ತನ್ನ ಜಮೀನಿನ 20 ಪಾಲಿನಲ್ಲಿ 3 ಪಾಲು ನೀಲಿಯನ್ನೇ ಬೆಳೆಯಬೇಕೆಂದು ಬಿಳಿ ದೊರೆಗಳು ಕಟ್ಟು ಮಾಡಿದ್ದರು. ಬೆಲೆ ಅವರು ಹೇಳಿದ್ದು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರಾಟಕ್ಕೆ ಬಿಟ್ಟಿತು. ಸೊಪ್ಪಿನ ನೀಲಿಯ ಬೆಲೆ ಕುಸಿಯಿತು. ನಷ್ಟ ಯಾರ ತಲೆಗೆ? ದೊರೆಯ ತಲೆಗಂತೂ ಅಲ್ಲ! 'ನೀಲಿಯಿಂದ ನಿಮ್ಮನ್ನು ಬಿಡುಗಡೆ ಮಾಡಿದ್ದೇವೆ' ಎಂದು ಅದಕ್ಕೇ ಗೇಣಿ ಏರಿಸಿದರು, ಇಲ್ಲವೇ ಒಂದೇ ಗಂಟಾಗಿ ಹಣ ವಸೂಲು ಮಾಡಿದರು. ಕೈಯಲ್ಲಿ ಕಾಸಿಲ್ಲದವನಿಂದ ಸಾಲಪತ್ರ ಬರೆಸಿಕೊಂಡರು. ಬೆಳೆದರೂ ಸಾಲ, ಬಿಟ್ಟರೂ ಸಾಲ. 1917ರಲ್ಲಿ ಗಾಂಧೀಜಿ ಅಲ್ಲಿ ಹೋಗಿ ನಿಂತ ಮೇಲೆ, 1918ರ ಕಾಯಿದೆಯಿಂದ ಆ ಕಟ್ಟು ಕಳಚಿತು.

ಈಗ ಬಿಳಿಯನಿಲ್ಲ. ಸೊಪ್ಪಿನ ಗುಣ ಮಾತ್ರ ಹಾಗೇ ಇದೆ. ಕೊಯ್ದ ಸೊಪ್ಪನ್ನು ಹಸಿಯಾಗಿಯೇ ತೊಟ್ಟಿಯಲ್ಲಿ ನೆನೆಹಾಕಬೇಕು. ಹುದುಗು ಬಂದ ನೀರನ್ನು ಬಸಿದು ಗಾಳಿಯಾಡುವಂತೆ ಕಡೆಯಬೇಕು. ಆಗ ಬಣ್ಣ ತಳಕ್ಕೆ ಕೂರುತ್ತದೆ. ಒಣಗಿಸಿ ಬಿಲ್ಲೆ ಮಾಡಿದರೆ ಬೇಕಾದಷ್ಟು ದಿನ ಇಡಬಹುದು. ಹಸಿ ಸೊಪ್ಪಾದರೋ ಬಾಡುವ ಮಾಲು, ಹೇಳಿದ ರೇಟಿಗೆ ಕೊಡದೆ ವಿಧಿಯಿಲ್ಲ. ಟೊಮೆಟೊ ಬೆಳೆದು ರಸ್ತೆಗೆ ಸುರಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ತೊಟ್ಟಿ ಇದ್ದವನೇ ಧಣಿ.

ದೂರ ಯಾಕೆ ಸ್ವಾಮಿ, ಸೊಪ್ಪಲ್ಲದಿದ್ದರೂ ನಮ್ಮ ತರೀಕೆರೆಯ ಅಡಿಕೆಯನ್ನೇ ನೋಡಿ. ಅಡಿಕೆ ಬೇಯಿಸಿದ ಚೊಗರು ನೂಲಿಗೆ ಕೆಂಗಂದು ಬಣ್ಣ ಕೊಡುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ 'ಚರಕ'ದ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಅದನ್ನು ಕಟ್ಟಿ ತೋರಿಸಿದ್ದಾರೆ. ತೋಟವನ್ನು ಚೇಣಿಗೆ ಕೊಟ್ಟವರೇ, ಅಡಿಕೆಯ ಜೊತೆ ಚೊಗರೂ ಹೋಯಿತಲ್ಲ, ಅದರ ಮಾತನ್ನು ಎತ್ತಿದಿರಾ?

ಬಣ್ಣ ಬೇಡ ಅನ್ನುತ್ತಿಲ್ಲ. ನೀಲಿ ದ್ವಿದಳ ಗಿಡ, ನೆಲಕ್ಕೆ ಒಳ್ಳೆಯದು. ತೊಟ್ಟಿಯಿಂದ ತೆಗೆದ ಸೊಪ್ಪೂ ಗೊಬ್ಬರವೇ. ಆದರೆ ನಾಲ್ಕು ಮನೆಯವರು ಸೇರಿ ತೊಟ್ಟಿ ಕಟ್ಟಿ, ಬಿಲ್ಲೆ ಮಾರಿ. ಮುಂಗಡ ಮುಟ್ಟುವ ಮೊದಲು ಕಾರಿನವನನ್ನು ಅರಳಿಕಟ್ಟೆಗೆ ಕರೆದು ಕೂರಿಸಿ, ಬೆಲೆ ಬಿದ್ದರೆ ನಷ್ಟ ಯಾರದು, ಮಾಲು ಬೇಡವೆಂದರೆ ಮುಂಗಡ ಯಾರ ಲೆಕ್ಕಕ್ಕೆ ಎಂದು ಕೇಳಿ. ಉತ್ತರವನ್ನು ಕನ್ನಡದಲ್ಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ.