ಮೀಸಲು ಕ್ಷೇತ್ರ ನಮ್ಮದು, ಬಿ-ಫಾರಂ ಯಾರದು?



ವಿಧಾನಸಭಾ ಚುನಾವಣೆ ಇರೋದು 2028ಕ್ಕೆ. ಆದರೆ ಮೀಸಲು ಕ್ಷೇತ್ರದ ಹಳ್ಳಿಗಳ ಕಡೆ ಹೋಗಿ ನೋಡಿ, "ಆಕಾಂಕ್ಷಿ"ಗಳ ಫ್ಲೆಕ್ಸ್ ಆಗಲೇ ಎದ್ದು ನಿಂತಿವೆ. ಹಬ್ಬದ ಶುಭಾಶಯ, ಜಾತ್ರೆ ಶುಭಾಶಯ, ಸಾಹೇಬ್ರ ಹುಟ್ಟುಹಬ್ಬದ ಶುಭಾಶಯ. ಮೂಲೆಯಲ್ಲಿ ಅಂಚೆ ಚೀಟಿಯಷ್ಟು ಬಾಬಾಸಾಹೇಬರು, ಮಧ್ಯದಲ್ಲಿ ಆಳೆತ್ತರಕ್ಕೆ ಬೆಂಗಳೂರಿನ ನಾಯಕರು. ಈ ಫ್ಲೆಕ್ಸ್ ನೋಡಬೇಕಾದವರು ನಾವಲ್ಲ. ನಾಯಕರ ಕಾರು ಆ ದಾರಿಯಲ್ಲಿ ಹೋಗುವಾಗ ಅವರ ಕಣ್ಣಿಗೆ ಬೀಳಲಿ ಅಂತ ಕಟ್ಟಿರೋದು. ಕೇರಿ ಬಾಗಿಲಲ್ಲಿ ಕಟ್ಟಿದ್ದರೂ ಅದು ನಮಗೆ ಬರೆದ ಕಾಗದ ಅಲ್ಲ.

ಅವರನ್ನೇನೂ ಬೈಯ್ಯಲ್ಲ ನಾನು. ಟಿಕೆಟ್ ಎಲ್ಲಿ ಸಿಗುತ್ತೋ ಅಲ್ಲೇ ತಾನೇ ಕೈಮುಗಿಯೋದು?

ಕರ್ನಾಟಕದ 224 ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಹೆಚ್ಚಿನವು ಹಳ್ಳಿಗಾಡಿನ ಕ್ಷೇತ್ರಗಳು. ಸುಳ್ಯ, ಮೂಡಿಗೆರೆ, ಕೊಳ್ಳೇಗಾಲ, ಪಾವಗಡ, ಶಿರಹಟ್ಟಿ, ಚಿಂಚೋಳಿ, ರಾಯಬಾಗ. ಬಹುತೇಕ ಮೀಸಲು ಕ್ಷೇತ್ರಗಳಲ್ಲಿ ನಮ್ಮ ಮತ ಅರ್ಧಕ್ಕಿಂತ ಕಡಿಮೆ. ನಿಲ್ಲೋರು ನಮ್ಮವರು, ಗೆಲ್ಲಿಸೋರು ಎಲ್ಲರೂ. ಇದು ಎಲ್ಲರಿಗೂ ಗೊತ್ತಿರೋ ಮಾತು. ನಾವು ಹೆಚ್ಚು ಮಾತಾಡದೇ ಇರೋದು ಅದಕ್ಕಿಂತ ಹಿಂದಿನ ಹೆಜ್ಜೆ ಬಗ್ಗೆ: ಮತಯಂತ್ರದ ಮೇಲೆ ಬರೋ ಆ ಮೂರು ದೊಡ್ಡ ಚಿಹ್ನೆಗಳ ಮುಂದೆ ಯಾರ ಹೆಸರು ಇರಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ?

ಬಿ-ಫಾರಂ ತೀರ್ಮಾನ ಮಾಡುತ್ತೆ. ನಾನು ದಿನಾ ಫಾರಂ, ಸೀಲು, ಸಹಿ ನಡುವೆ ಬದುಕೋ ಕ್ಲರ್ಕ್. ಆದ್ರೂ ಇಷ್ಟು ಸಣ್ಣ ಕಾಗದಕ್ಕೆ ಇಷ್ಟು ದೊಡ್ಡ ಅಧಿಕಾರ ಇರೋದನ್ನ ಬೇರೆಲ್ಲೂ ನೋಡಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿ ಕೈಗೆ ಅದು ಸೇರಿದರೆ ನೀನು ಪಕ್ಷದ ಅಭ್ಯರ್ಥಿ, ಇಲ್ಲಾಂದ್ರೆ ಇಲ್ಲ. ಅದನ್ನ ಯಾರನ್ನ ಕೇಳಿ ಕೊಡಬೇಕು ಅಂತ ನಮ್ಮ ಪ್ರಜಾಪ್ರತಿನಿಧಿ ಕಾಯ್ದೆ ಒಂದು ಸಾಲೂ ಹೇಳಲ್ಲ. ಪಕ್ಷದ ಅಧ್ಯಕ್ಷರು, ಹೈಕಮಾಂಡ್, ಸರ್ವೆ ಮಾಡೋ ಏಜೆನ್ಸಿ, ಪಕ್ಕದ ಜನರಲ್ ಕ್ಷೇತ್ರದ ಪ್ರಬಲ ಜಾತಿಯ ಶಾಸಕರು, ಎಲ್ಲರೂ ಸೇರಿ "ಇವನು ನಮ್ಮ ಮಾತು ಕೇಳ್ತಾನೆ" ಅಂತ ಒಪ್ಪಬೇಕು. ಕೇರಿಯವರು ಒಪ್ಪಬೇಕು ಅಂತ ಎಲ್ಲೂ ಇಲ್ಲ.

2023ರಲ್ಲಿ ಏನಾಯ್ತು ನೆನಪಿಸಿಕೊಳ್ಳಿ. ಸುಳ್ಯದಲ್ಲಿ ಎಸ್. ಅಂಗಾರ ಅವರು 1994ರಿಂದ ಸತತ ಆರು ಸಲ ಗೆದ್ದವರು. ಬಿಜೆಪಿ ಏಳನೇ ಸಲ ಟಿಕೆಟ್ ಕೊಡಲಿಲ್ಲ. ಬೆಂಗಳೂರಿನ ಪುಲಕೇಶಿನಗರದಲ್ಲಿ ಅಖಂಡ ಶ್ರೀನಿವಾಸಮೂರ್ತಿ 2018ರಲ್ಲಿ 80 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದಿದ್ದರು, 2020ರ ಗಲಭೆಯಲ್ಲಿ ಮನೆ ಸುಟ್ಟುಹೋಗಿತ್ತು. ಕಾಂಗ್ರೆಸ್ ಅವರಿಗೂ ಕೊಡಲಿಲ್ಲ. ಇವರು ಒಳ್ಳೆಯ ಶಾಸಕರಾಗಿದ್ದರಾ ಇಲ್ಲವಾ ಅನ್ನೋದು ಬೇರೆ ಚರ್ಚೆ. ಬದಲಾವಣೆ ಬೇಕಿತ್ತು ಅಂತ ಹೇಳೋರೂ ಇದ್ದಾರೆ, ಇರಲಿ. ನನ್ನ ಪ್ರಶ್ನೆ ಒಂದೇ. ಟಿಕೆಟ್ ಕೊಟ್ಟಾಗಲೂ, ಕಿತ್ತುಕೊಂಡಾಗಲೂ ಆ ಕ್ಷೇತ್ರದ ದಲಿತರನ್ನ ಯಾವ ಪಕ್ಷವಾದರೂ ಚೀಟಿ ಕೊಟ್ಟು ಕೇಳಿತ್ತಾ?

ದುಡ್ಡಿನ ಲೆಕ್ಕಾನೂ ನೋಡಿ. ವಿಧಾನಸಭೆಗೆ ನಿಲ್ಲಲು ಪರಿಶಿಷ್ಟರು ಸರ್ಕಾರಕ್ಕೆ ಕಟ್ಟೋ ಠೇವಣಿ 5,000 ರೂಪಾಯಿ. 2023ರ ಚುನಾವಣೆಗೆ ಕಾಂಗ್ರೆಸ್ ಟಿಕೆಟ್ ಆಕಾಂಕ್ಷಿಗಳಿಂದ ಅರ್ಜಿಗೇ 5,000 ತಗೊಂಡಿತು, ಅದರ ಜೊತೆ ಡಿಡಿ: ಸಾಮಾನ್ಯರಿಗೆ 2 ಲಕ್ಷ, ಪರಿಶಿಷ್ಟರಿಗೆ "ರಿಯಾಯಿತಿ" 1 ಲಕ್ಷ. ಸಂವಿಧಾನ ಕೊಟ್ಟ ಬಾಗಿಲಿಗೆ ಐದು ಸಾವಿರ, ಪಕ್ಷದ ಬಾಗಿಲು ತಟ್ಟೋಕೇ ಒಂದು ಲಕ್ಷ. ಕೂಲಿ ಮಾಡೋ ಮನೆಯ ಹುಡುಗಿ ಎಂ.ಎ. ಓದಿ ಹತ್ತು ವರ್ಷ ಸಂಘಟನೆ ಮಾಡಿದ್ದರೂ ಅಲ್ಲಿಗೇ ನಿಲ್ಲಬೇಕು.

ಈಗ ಹಳೇ ವಿಷಯಕ್ಕೆ ಬರ್ತೀನಿ. ಪೂನಾ ಒಪ್ಪಂದ ಅಂದ ಕೂಡಲೇ ನಮಗೆ ನೆನಪಾಗೋದು ಯರವಡಾ ಜೈಲು, ಗಾಂಧಿಯ ಉಪವಾಸ, ಕೈತಪ್ಪಿದ ಪ್ರತ್ಯೇಕ ಮತಕ್ಷೇತ್ರ. ಸೆಪ್ಟೆಂಬರ್ 24 ಬಂದಾಗಲೆಲ್ಲ ಪೋಸ್ಟ್ ಹಾಕ್ತೀವಿ. ಆದರೆ 1932ರ ಆ ಒಪ್ಪಂದದ ಎರಡನೇ ಕಲಮನ್ನ ಎಷ್ಟು ಜನ ಓದಿದ್ದೀವಿ? ಪ್ರಾಂತೀಯ ಶಾಸನಸಭೆಗಳ 148 ಮೀಸಲು ಸ್ಥಾನಗಳಿಗೆ ಚುನಾವಣೆ ಎರಡು ಸುತ್ತಿನಲ್ಲಿ ನಡೀಬೇಕು ಅಂತ ಅಲ್ಲಿದೆ. ಮೊದಲ ಸುತ್ತು ಪ್ರಾಥಮಿಕ ಚುನಾವಣೆ. ಆ ಕ್ಷೇತ್ರದ ಮತದಾರರ ಪಟ್ಟಿಯಲ್ಲಿರೋ ಅಸ್ಪೃಶ್ಯ ಮತದಾರರು ಮಾತ್ರ, ಒಬ್ಬರಿಗೆ ಒಂದೇ ಓಟಿನಂತೆ, ತಮ್ಮವರಲ್ಲಿ ನಾಲ್ವರನ್ನ ಆರಿಸಬೇಕು. ಆ ನಾಲ್ವರೇ ಎರಡನೇ ಸುತ್ತಿನಲ್ಲಿ ಎಲ್ಲ ಜಾತಿಯ ಮತದಾರರ ಮುಂದೆ ನಿಲ್ಲೋದು.

ಅಂದರೆ ಬಿ-ಫಾರಂ ಕೇರಿಯ ಕೈಯಲ್ಲಿತ್ತು! ಪೂರ್ತಿ ಅಲ್ಲ, ಅರ್ಧ.

ಮೈಸೂರು, ಹೈದರಾಬಾದ್ ಸಂಸ್ಥಾನಗಳಿಗೆ ಇದು ಅನ್ವಯ ಆಗಲಿಲ್ಲ, ಬ್ರಿಟಿಷ್ ಪ್ರಾಂತ್ಯಗಳಿಗೆ ಮಾತ್ರ. ಬಾಂಬೆ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ, ಬಿಜಾಪುರ ಕಡೆ ಈ ನಿಯಮ ಬಂತು. 1937ರ ಚುನಾವಣೆಯಲ್ಲಿ ಬೆಳಗಾವಿಯಿಂದ ಗೆದ್ದವರು ನಿಪ್ಪಾಣಿಯ ಬಲವಂತರಾವ್ ವರಾಳೆ, ಬಾಬಾಸಾಹೇಬರ ಒಡನಾಡಿ. ಹಿಂದಿನ ವರ್ಷವಷ್ಟೇ ಹುಟ್ಟಿದ ಸ್ವತಂತ್ರ ಕಾರ್ಮಿಕ ಪಕ್ಷ ಬಾಂಬೆ ಪ್ರಾಂತ್ಯದ 15 ಮೀಸಲು ಸ್ಥಾನಗಳಲ್ಲಿ ಹೆಚ್ಚಿನವನ್ನ ಗೆದ್ದಿತು. ಆಗ ಓಟು ಎಲ್ಲರಿಗೂ ಇರಲಿಲ್ಲ, ಆಸ್ತಿ-ತೆರಿಗೆ, ಓದು ಇದ್ದವರಿಗೆ ಮಾತ್ರ. ಅಷ್ಟರಲ್ಲೇ ಆದ ಕೆಲಸ ಇದು.

ಆ ವ್ಯವಸ್ಥೆ ಚಿನ್ನದಂಥದ್ದಾಗಿತ್ತು ಅಂತ ಯಾರೂ ಹೇಳಬೇಡಿ, ಬಾಬಾಸಾಹೇಬರೇ ಹಾಗೆ ಹೇಳಿಲ್ಲ. ನಾಲ್ಕಕ್ಕಿಂತ ಹೆಚ್ಚು ಜನ ನಿಂತರೆ ಮಾತ್ರ ಮೊದಲ ಸುತ್ತು ನಡೀತಿತ್ತು. ಅದಕ್ಕಿಂತ ದೊಡ್ಡ ಮೋಸ ಇನ್ನೊಂದು. ನಮ್ಮವರ ಓಟಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದವನೂ ಪಟ್ಟಿಯಲ್ಲಿ ಇರ್ತಾನಲ್ಲ, ಎರಡನೇ ಸುತ್ತಿನಲ್ಲಿ ಸವರ್ಣರು ಅವನನ್ನೇ ಎತ್ತಿ ಗೆಲ್ಲಿಸಬಹುದಿತ್ತು. 1946ರಲ್ಲಿ ಆಗಿದ್ದು ಇದೇ. ಪ್ರಾಥಮಿಕ ಸುತ್ತಿನಲ್ಲಿ ಮುಂದಿದ್ದ ಪರಿಶಿಷ್ಟ ಜಾತಿ ಒಕ್ಕೂಟದವರು ಕೊನೆ ಸುತ್ತಿನಲ್ಲಿ ಸೋತರು. ನಮ್ಮ ಜನ ಯಾರ ಹಿಂದಿದ್ದಾರೆ ಅಂತ ತಿಳಿಯಬೇಕಾದ್ರೆ ಪ್ರಾಥಮಿಕ ಸುತ್ತಿನ ಅಂಕಿ ನೋಡಿ ಅಂತ ಬಾಬಾಸಾಹೇಬರು ಕ್ಯಾಬಿನೆಟ್ ಮಿಷನ್ ಮುಂದೆ ವಾದ ಮಾಡಿದರು. ವಾದಕ್ಕೆ ಅವರ ಹತ್ತಿರ ಅಂಕಿಯಾದರೂ ಇತ್ತು. ಇವತ್ತು ನಮ್ಮ ಹತ್ತಿರ ಅದೂ ಇಲ್ಲ. ಒಬ್ಬ ಮೀಸಲು ಶಾಸಕನಿಗೆ ದಲಿತರ ಓಟು ಎಷ್ಟು ಬಿತ್ತು ಅಂತ ಯಾವ ದಾಖಲೆಯೂ ಹೇಳಲ್ಲ.

ಪ್ರಾಥಮಿಕ ಚುನಾವಣೆಗೆ ಹತ್ತು ವರ್ಷದ ಗಡುವು ಒಪ್ಪಂದದಲ್ಲೇ ಇತ್ತು. 1947ರ ಆಗಸ್ಟ್‌ನಲ್ಲಿ ಸಂವಿಧಾನ ಸಭೆಯಲ್ಲಿ ಎಸ್. ನಾಗಪ್ಪ ಅನ್ನೋ ದಲಿತ ಸದಸ್ಯರು ಇನ್ನೊಂದು ದಾರಿ ತೋರಿಸಿದರು: ಮೀಸಲು ಸ್ಥಾನದಲ್ಲಿ ಗೆದ್ದವನು ಪರಿಶಿಷ್ಟರು ಹಾಕಿದ ಓಟಿನಲ್ಲಿ ಕನಿಷ್ಠ ಶೇ. 35 ಪಡೆದಿರಲೇಬೇಕು. ಸರ್ದಾರ್ ಪಟೇಲರು ಒಪ್ಪಲಿಲ್ಲ, ತಿದ್ದುಪಡಿ ಅಲ್ಲಿಗೇ ನಿಂತಿತು. ಮೀಸಲು ಸ್ಥಾನ ಉಳೀತು, ಆರಿಸೋ ಹಕ್ಕು ಹೋಯ್ತು. 1982ರಲ್ಲಿ, ಪೂನಾ ಒಪ್ಪಂದಕ್ಕೆ ಐವತ್ತು ತುಂಬಿದ ದಿನ, ಕಾನ್ಶಿರಾಮ್ ಸಾಹೇಬರು "ಚಮಚಾ ಯುಗ" ಪುಸ್ತಕ ತಂದಿದ್ದು ಸುಮ್ಮನೆ ಅಲ್ಲ. ಚಮಚಾ ಅಂತ ಬೈಯೋದು ಸುಲಭ. ಚಮಚ ಹಿಡಿದ ಕೈ ಯಾವುದು ಅಂತ ನೋಡಬೇಕು.

ಅಮೆರಿಕದ ಕರಿಯರಿಗೆ ಇದು ಚೆನ್ನಾಗಿ ಅರ್ಥ ಆಗಿತ್ತು. ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ ಗೆದ್ದವನೇ ಚುನಾವಣೆ ಗೆದ್ದಂತೆ. ಆ ಪ್ರೈಮರಿಯಲ್ಲಿ ಬಿಳಿಯರಿಗೆ ಮಾತ್ರ ಓಟು. ಕೇಳಿದರೆ "ನಮ್ಮದು ಖಾಸಗಿ ಸಂಘ, ಯಾರನ್ನ ಬೇಕಾದ್ರೂ ಹೊರಗಿಡ್ತೀವಿ" ಅಂತಿದ್ದರು. ನವೆಂಬರ್ ಓಟು ಕೈಯಲ್ಲಿದ್ದರೂ ಪ್ರಯೋಜನ ಇರಲಿಲ್ಲ. ಹ್ಯೂಸ್ಟನ್ನಿನ ಕರಿಯ ದಂತವೈದ್ಯ ಲಾನಿ ಸ್ಮಿತ್ ಕೋರ್ಟಿಗೆ ಹೋದರು, ಥರ್ಗುಡ್ ಮಾರ್ಷಲ್ ವಾದಿಸಿದರು. ಅಭ್ಯರ್ಥಿ ಆಯ್ಕೆ ಖಾಸಗಿ ವ್ಯವಹಾರ ಅಲ್ಲ, ಚುನಾವಣೆಯದೇ ಭಾಗ ಅಂತ 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ಪಕ್ಷಗಳು ಇವತ್ತಿಗೂ "ಟಿಕೆಟ್ ನಮ್ಮ ಆಂತರಿಕ ವಿಷಯ" ಅಂತವೆ, ನಾವೂ ತಲೆ ಅಲ್ಲಾಡಿಸ್ತೀವಿ.

ನಮ್ಮಲ್ಲೂ ಪ್ರೈಮರಿ ಪ್ರಯೋಗ ಆಗಿದೆ ಅಂತ ಕೆಲವರು ಹೇಳಬಹುದು. ಹೌದು, 2014ರ ಲೋಕಸಭೆಗೆ ಕಾಂಗ್ರೆಸ್ ಮಾಡಿತ್ತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ. ಎರಡೂ ಜನರಲ್ ಕ್ಷೇತ್ರ, ಓಟು ಹಾಕಿದ್ದು ಪಕ್ಷದ ಪದಾಧಿಕಾರಿಗಳಂಥವರು. ಎರಡರಲ್ಲೂ ಪಕ್ಷ ಸೋತಿತು, ಫೈಲ್ ಮುಚ್ಚಿದರು. ಹೈಕಮಾಂಡ್ ಆರಿಸಿದವರು ಸೋತಾಗ ಮಾತ್ರ ಯಾರೂ ಹೈಕಮಾಂಡ್ ಮುಚ್ಚಲ್ಲ!

ಹಾಗಾದ್ರೆ ನಾನು ಕೇಳೋದು ಏನು? ಮೀಸಲು ಕ್ಷೇತ್ರದಲ್ಲಿ ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಯನ್ನ ಆ ಕ್ಷೇತ್ರದ ಪರಿಶಿಷ್ಟ ಸದಸ್ಯರ ಓಟಿನಿಂದಲೇ ಆರಿಸಲಿ. ಕಾನೂನು ಬರೋವರೆಗೆ ಕಾಯೋದು ಬೇಡ, ಪಕ್ಷಗಳು ಮನಸ್ಸು ಮಾಡಿದರೆ ನಾಳೆಯೇ ಮಾಡಬಹುದು, ತಡೆಯೋ ನಿಯಮ ಯಾವುದೂ ಇಲ್ಲ.

ನಮ್ಮವರಿಂದಲೇ ಬರೋ ಆಕ್ಷೇಪ ನನಗೆ ಗೊತ್ತು. "ಎಣಿಕೆಯಲ್ಲಿ ದೊಡ್ಡವರಾದ ಒಂದು ಜಾತಿಯವರೇ ಎಲ್ಲ ತಗೊಂಡು ಹೋಗ್ತಾರೆ. ಎಡಗೈ-ಬಲಗೈ ಜಗಳ ಬೀದಿಗೆ ಬರುತ್ತೆ." ಜಗಳ ಈಗ ಇಲ್ವಾ? ಈಗ ಅದನ್ನ ಟಿಕೆಟ್ ಹಂಚೋರು ಮುಚ್ಚಿದ ಕೋಣೆಯಲ್ಲಿ ಬಳಸಿಕೊಳ್ತಾರೆ, ಒಂದು ಸಲ ಇವರನ್ನ ತೋರಿಸಿ ಅವರನ್ನ ಹೆದರಿಸಿ, ಇನ್ನೊಂದು ಸಲ ಅವರನ್ನ ತೋರಿಸಿ ಇವರನ್ನ. ಒಳಮೀಸಲಾತಿ ಬಂದರೂ ಅದು ಓದಿಗೆ, ಕೆಲಸಕ್ಕೆ. ಟಿಕೆಟ್‌ಗೆ ಅಲ್ಲ. ಒಪ್ಪಂದದ ಲೆಕ್ಕ ಇಲ್ಲೇ ಕೆಲಸಕ್ಕೆ ಬರುತ್ತೆ. ಒಬ್ಬರಿಗೆ ಒಂದೇ ಓಟು, ಗೆಲ್ಲೋರು ನಾಲ್ವರು ಅಂದಾಗ, ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಓಟು ಇರೋ ಯಾವ ಸಮುದಾಯವೂ ಒಬ್ಬರ ಹಿಂದೆ ನಿಂತರೆ ಪಟ್ಟಿಯಲ್ಲಿ ಜಾಗ ಖಚಿತ. ಅಲೆಮಾರಿಗಳಂಥ ಚಿಕ್ಕ ಸಮುದಾಯಗಳಿಗೆ ಇದೂ ಸಾಲದು, ನಿಜ. ಅವರಿಗೆ ಬೇರೆ ದಾರಿ ಹುಡುಕಲೇಬೇಕು. ದುಡ್ಡು ಹಂಚ್ತಾರೆ ಅನ್ನೋದೂ ನಿಜ. ಆದರೆ ಬೆಂಗಳೂರಿನ ಒಂದು ಕೋಣೆಗೆ ದುಡ್ಡು ಕೊಡೋದಕ್ಕಿಂತ ಇನ್ನೂರು ಕೇರಿಗೆ ದುಡ್ಡು ಕೊಡೋದು ಕಷ್ಟ. ಕೇರಿಯಲ್ಲಿ ಗುಟ್ಟೂ ಉಳಿಯಲ್ಲ.

ಪಕ್ಷಗಳು ತಾವಾಗಿ ಮಾಡಲ್ಲ. ಅದಕ್ಕೆ ಸಂಘಟನೆಗಳ ಗೆಳೆಯರಲ್ಲಿ ಒಂದು ಪ್ರಸ್ತಾಪ. ಪ್ರತಿ ಏಪ್ರಿಲ್ 14ಕ್ಕೆ ಶಾಮಿಯಾನ, ಡಿಜೆಗೆ ಖರ್ಚು ಮಾಡ್ತೀವಲ್ಲ, 2027ರಲ್ಲಿ ಒಂದು ಮೀಸಲು ಕ್ಷೇತ್ರದಲ್ಲಾದರೂ ಆ ದುಡ್ಡಲ್ಲಿ ಚೀಟಿ ಅಚ್ಚು ಹಾಕಿಸೋಣ. ಅಂಬೇಡ್ಕರ್ ಭವನ ಇರೋ ಕಡೆ ಅದರ ಬಾಗಿಲಲ್ಲಿ ಪೆಟ್ಟಿಗೆ ಇಡೋಣ. ಯಾವ ಪಕ್ಷದ ಆಕಾಂಕ್ಷಿಯಾದ್ರೂ ಬರಲಿ, ಡಿಡಿ ಬೇಡ, ಅರ್ಧ ಗಂಟೆ ಜನರ ಮುಂದೆ ನಿಂತು ಪ್ರಶ್ನೆಗೆ ಉತ್ತರ ಕೊಡಲಿ. ಸ್ಮಶಾನದ ಜಾಗ, ಹಾಸ್ಟೆಲ್ ಸೀಟು, ಎಸ್‌ಸಿಎಸ್‌ಪಿ-ಟಿಎಸ್‌ಪಿ ದುಡ್ಡು ಬೇರೆ ಕಡೆ ಹೋದದ್ದು, ದೌರ್ಜನ್ಯ ಕೇಸಲ್ಲಿ ರಾಜಿ ಮಾಡಿಸಿದ್ದು, ಎಲ್ಲ ಕೇಳೋಣ. ಹೆಣ್ಣುಮಕ್ಕಳು ಬೇರೆ ಸಾಲಲ್ಲಿ ಓಟು ಹಾಕಲಿ, ಗಂಡಸರು ಚೀಟಿ ಇಣುಕಬಾರದು. ಎಣಿಸಿ, ಹೋಬಳಿವಾರು ಅಂಕಿ ಬರೆದು, ಪ್ರತಿ ಪಕ್ಷದ ಕಚೇರಿಗೂ ಕೊಟ್ಟು ಸ್ವೀಕೃತಿ ಸಹಿ ತಗೊಳ್ಳೋಣ. ಆಮೇಲೆ ಅವರು ಆ ನಾಲ್ವರನ್ನ ಬಿಟ್ಟು ಬೇರೆ ಯಾರಿಗೋ ಬಿ-ಫಾರಂ ಕೊಟ್ಟರೆ ಕೊಡಲಿ, ಅಂಕಿ ಊರಲ್ಲಿ ಇರುತ್ತೆ.

ನಾಮಿನಲ್ ರೋಲ್, ಟ್ಯಾಲಿ ಶೀಟ್, ಸ್ವೀಕೃತಿ ಪತ್ರದ ನಮೂನೆ ನಾನು ಟೈಪ್ ಮಾಡಿ ಇಟ್ಟಿದ್ದೀನಿ. ಯಾವ ಕ್ಷೇತ್ರದಿಂದ ಶುರು ಮಾಡೋದು ಅಂತ ಮಾತ್ರ ನೀವು ಹೇಳಬೇಕು.